ಮಗಳು ಪೈಲಟ್ ಆಗುತ್ತೇನೆ ಎಂದಾಗ...

ಕರಾವಳಿಯ ಮುಸ್ಲಿಮ್ ಮನೆಗಳಿಗೆ ವಿಮಾನ ಹೊಸತೇನಲ್ಲ. ದುಬೈ, ದಮ್ಮಾಮ್, ದೋಹಾ, ಮಸ್ಕತ್ ಎಂದು ಪ್ರತಿ ಮನೆಯಿಂದಲೂ ಒಬ್ಬರಾದರೂ ಹೋಗಿ ಬರುವವರಿದ್ದಾರೆ. ಹಜ್, ಉಮ್ರಾಕ್ಕಾಗಿ ಅಜ್ಜಿಯಂದಿರೂ ವಿಮಾನ ಹತ್ತಿದ್ದಾರೆ. ಆದರೆ ಆ ವಿಮಾನದ ಮುಂಭಾಗದಲ್ಲಿ ಕುಳಿತು ಅದನ್ನು ಹಾರಿಸುವವರು ನಮ್ಮ ಮನೆಯವರೇ ಆಗಬಹುದು, ಅದರಲ್ಲೂ ನಮ್ಮ ಮಗಳಾಗಬಹುದು ಎಂದು ಯೋಚಿಸಿದವರು ಬಹಳ ಕಡಿಮೆ.

ಇತ್ತೀಚೆಗೆ ಒಂದು ಮದುವೆ ಮನೆಯಲ್ಲಿ ಪರಿಚಯದ ತಾಯಿಯೊಬ್ಬರು ಬದಿಗೆ ಕರೆದು ಕೇಳಿದರು: “ಮಗಳು ಈ ವರ್ಷ ಪಿಯುಸಿ. ಡಾಕ್ಟರ್ ಆಗು ಎಂದರೆ ಕೇಳುವುದಿಲ್ಲ. ಪೈಲಟ್ ಆಗಬೇಕಂತೆ. ಅವಳ ತಂದೆ ಮನೆ ಅಡವಿಡುವುದಕ್ಕೂ ತಯಾರು. ಇದೆಲ್ಲ ಆಗುವ ಮಾತೇ?”

ಆ ತಾಯಿಯ ಒಂದು ಪ್ರಶ್ನೆಯಲ್ಲಿ ಮೂರು ಪ್ರಶ್ನೆಗಳಿದ್ದವು. ಹುಡುಗಿಗೆ ಇದು ಸಾಧ್ಯವೇ? ದಾರಿ ಯಾವುದು, ಖರ್ಚೆಷ್ಟು? ನಮ್ಮ ದೀನಿಗೆ, ನಮ್ಮ ಬದುಕಿಗೆ ಇದು ಹೊಂದುತ್ತದೆಯೇ? ಒಂದೊಂದಾಗಿ ನೋಡೋಣ.

ದಾರಿ ತೋರಿದವರು

ಭಾರತದಲ್ಲಿ ವಿಮಾನ ಹಾರಿಸುವ ಲೈಸೆನ್ಸ್ ಪಡೆದ ಮೊದಮೊದಲ ಮಹಿಳೆಯರಲ್ಲಿ ಒಬ್ಬರು ಸರಳಾ ಠಕ್ರಾಲ್. 1936ರಲ್ಲಿ, ತನ್ನ 21ನೇ ವಯಸ್ಸಿನಲ್ಲಿ, ಸೀರೆಯುಟ್ಟೇ ಅವರು ಜಿಪ್ಸಿ ಮಾತ್ ವಿಮಾನ ಹಾರಿಸಿದರು. ಅದೇ 1936ರಲ್ಲಿ ಲೈಸೆನ್ಸ್ ಪಡೆದ ಇನ್ನೊಬ್ಬರು ಉರ್ದುವಿನ ಹೆಸರಾಂತ ಕತೆಗಾರ್ತಿ. ಅವರ ಹೆಸರೇ ಹಿಜಾಬ್! ಹಿಜಾಬ್ ಇಮ್ತಿಯಾಝ್ ಅಲಿ. ಭೋಪಾಲದ ನವಾಬರ ಹಿರಿಯ ಮಗಳು ಆಬಿದಾ ಸುಲ್ತಾನ್ 1942ರಲ್ಲಿ ಲೈಸೆನ್ಸ್ ಪಡೆದರು. ಮುಸ್ಲಿಮ್ ಹೆಣ್ಣು ವಿಮಾನ ಹಾರಿಸುವುದು ನಿನ್ನೆ ಮೊನ್ನೆಯ ಮಾತಲ್ಲ ಎಂಬುದಕ್ಕೆ ಇಷ್ಟು ಸಾಕು.

ಆದರೆ ಇವರೆಲ್ಲ ಉಳ್ಳವರ ಮನೆಯವರು ಎನ್ನಬಹುದು. ಹಾಗಾದರೆ ಹೈದರಾಬಾದಿನ ಸಯ್ಯದಾ ಸಲ್ವಾ ಫಾತಿಮಾರನ್ನು ನೋಡಿ. ಹಳೆ ನಗರದ ಬೇಕರಿ ನೌಕರರೊಬ್ಬರ ಮಗಳು. ಓದಿನಲ್ಲಿ ಚುರುಕಾಗಿದ್ದ ಈ ಹುಡುಗಿಯ ಆಸೆಯನ್ನು ಕೇಳಿದ ‘ಸಿಯಾಸತ್’ ಉರ್ದು ಪತ್ರಿಕೆಯ ಸಂಪಾದಕರು ಬೆನ್ನಿಗೆ ನಿಂತರು. 2007ರಲ್ಲಿ ತರಬೇತಿ ಸೇರಿದ ಆಕೆಗೆ ವಾಣಿಜ್ಯ ಪೈಲಟ್ ಲೈಸೆನ್ಸ್ ಸಿಕ್ಕಿದ್ದು 2013ರಲ್ಲಿ. ಮುಂದಿನ ತರಬೇತಿಗೆ ಮತ್ತೆ ಹಣ ಬೇಕಾಯಿತು. ತೆಲಂಗಾಣ ಸರಕಾರ ನೆರವು ನೀಡಿತು. ಆ ಬಳಿಕವೂ ವರ್ಷಗಟ್ಟಲೆ ಕಾದು ಅವರು ವಿಮಾನ ಕಂಪೆನಿಯ ಕೆಲಸಕ್ಕೆ ಸೇರಿದರು. ಸಮವಸ್ತ್ರದ ಮೇಲೆ ಹಿಜಾಬ್ ಧರಿಸಿದ ಅವರ ಚಿತ್ರವನ್ನು ಅನೇಕರು ಪತ್ರಿಕೆಗಳಲ್ಲಿ ನೋಡಿರಬಹುದು. ಚಿತ್ರದ ಹಿಂದಿರುವ ಹತ್ತಕ್ಕೂ ಹೆಚ್ಚು ವರ್ಷಗಳ ತಾಳ್ಮೆ ಮಾತ್ರ ಚಿತ್ರದಲ್ಲಿ ಕಾಣುವುದಿಲ್ಲ.

ನಮ್ಮ ಬೆಂಗಳೂರಿನ ಸಾರಾ ಹಮೀದ್ ಅಹ್ಮದ್ ಅಮೆರಿಕದಲ್ಲಿ ತರಬೇತಿ ಪಡೆದು ಬಂದು ಸ್ಪೈಸ್‌ಜೆಟ್ ಕಂಪೆನಿಯ ಪೈಲಟ್ ಆದದ್ದು 2015ರ ಸುಮಾರಿಗೆ ಸುದ್ದಿಯಾಗಿತ್ತು. ಜಗತ್ತಿನಲ್ಲಿ ನೂರು ಪೈಲಟ್‌ಗಳಲ್ಲಿ ಮಹಿಳೆಯರು ಸುಮಾರು ಐವರು. ಭಾರತದಲ್ಲಿ ಈ ಪ್ರಮಾಣ ಸುಮಾರು ಹದಿನೈದು ಎಂದು ಕೇಂದ್ರ ಸರಕಾರ ಸಂಸತ್ತಿನಲ್ಲಿ ಹೇಳಿದೆ. ಹೆಣ್ಣು ಎಂಬ ಕಾರಣಕ್ಕೆ ಈ ಬಾಗಿಲು ಮುಚ್ಚಿಲ್ಲ.

ಮೂರು ಮೆಟ್ಟಿಲುಗಳು

ಭಾರತದಲ್ಲಿ ಪೈಲಟ್ ಲೈಸೆನ್ಸ್ ನೀಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಎಲ್ಲರೂ ಇದನ್ನು ಡಿಜಿಸಿಎ ಎಂದೇ ಕರೆಯುತ್ತಾರೆ. ತರಬೇತಿ ಶಾಲೆ ಎಷ್ಟೇ ದೊಡ್ಡದಿರಲಿ, ಲೈಸೆನ್ಸ್ ಕೊಡುವ ಅಧಿಕಾರ ಶಾಲೆಗಿಲ್ಲ.

ಮೊದಲನೆಯದು ವಿದ್ಯಾರ್ಥಿ ಪೈಲಟ್ ಲೈಸೆನ್ಸ್. ಹತ್ತನೇ ತರಗತಿ ಪಾಸಾಗಿ 16 ವರ್ಷ ತುಂಬಿದ್ದರೆ ಸಾಕು. ಕಲಿಯಲು ಇದು ಅನುಮತಿಪತ್ರ ಮಾತ್ರ. ಎರಡನೆಯದು ಖಾಸಗಿ ಪೈಲಟ್ ಲೈಸೆನ್ಸ್. ಇದಕ್ಕೆ 17 ವರ್ಷ ತುಂಬಿರಬೇಕು, ಕನಿಷ್ಠ 40 ಗಂಟೆಗಳ ಹಾರಾಟ ಆಗಿರಬೇಕು. ಸ್ವಂತಕ್ಕೆ ಹಾರಿಸಬಹುದೇ ಹೊರತು ಸಂಬಳಕ್ಕೆ ದುಡಿಯುವಂತಿಲ್ಲ. ಮೂರನೆಯದು ವಾಣಿಜ್ಯ ಪೈಲಟ್ ಲೈಸೆನ್ಸ್, ಅಂದರೆ ಸಿಪಿಎಲ್. ಉದ್ಯೋಗ ಬೇಕೆನ್ನುವವರಿಗೆ ಬೇಕಾದದ್ದು ಇದು. ವಯಸ್ಸು 18 ತುಂಬಿರಬೇಕು. ಖಾಸಗಿ ಲೈಸೆನ್ಸ್ ಪಡೆಯದೆಯೂ ನೇರವಾಗಿ ಇದಕ್ಕೆ ತಯಾರಿ ನಡೆಸಬಹುದು.

ಸಿಪಿಎಲ್‌ಗೆ ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿ ಪಾಸಾಗಿರಬೇಕೆಂಬುದು ಬಹಳ ವರ್ಷಗಳಿಂದ ಇರುವ ನಿಯಮ. ಪಿಸಿಎಂಬಿ, ಪಿಸಿಎಂಸಿ ಓದಿದವರಿಗೆ ತೊಂದರೆಯಿಲ್ಲ. ವಾಣಿಜ್ಯ, ಕಲಾ ವಿಭಾಗದವರು ಈ ಎರಡು ವಿಷಯಗಳನ್ನು ಮುಕ್ತ ಶಾಲೆಯ ಮೂಲಕ ಬರೆದು ಪಾಸಾಗುವ ದಾರಿಯಿದೆ. ಈ ನಿಯಮವನ್ನು ಸಡಿಲಿಸುವ ಪ್ರಸ್ತಾಪ 2025ರಲ್ಲಿ ಬಂದಿದೆ. ಆದ್ದರಿಂದ ಸೇರುವ ಮುನ್ನ ಡಿಜಿಸಿಎಯ ವೆಬ್‌ಸೈಟಿನಲ್ಲಿ ಆ ಹೊತ್ತಿನ ನಿಯಮವನ್ನು ಸ್ವತಃ ಓದಿ. ಏಜೆಂಟರ ಮಾತನ್ನು ನೆಚ್ಚಬೇಡಿ.

ಮೊದಲು ವೈದ್ಯರು, ಆಮೇಲೆ ಶುಲ್ಕ

ಈ ಲೇಖನದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ. ವೈದ್ಯಕೀಯ ಪರೀಕ್ಷೆ ಪಾಸಾಗುವ ಮೊದಲು ಯಾವ ಶಾಲೆಗೂ ದೊಡ್ಡ ಮೊತ್ತ ಕಟ್ಟಬಾರದು.

ಪರೀಕ್ಷೆ ಎರಡು ಹಂತದಲ್ಲಿದೆ. ಮೊದಲು ‘ಕ್ಲಾಸ್ 2’. ಡಿಜಿಸಿಎ ಮಾನ್ಯತೆ ನೀಡಿದ ವೈದ್ಯರು ಇದನ್ನು ಮಾಡುತ್ತಾರೆ. ನಂತರದ್ದು ಹೆಚ್ಚು ಕಟ್ಟುನಿಟ್ಟಿನ ‘ಕ್ಲಾಸ್ 1’. ವಾಣಿಜ್ಯ ಲೈಸೆನ್ಸ್‌ಗೆ ಇದು ಕಡ್ಡಾಯ. ಈ ಪರೀಕ್ಷೆ ನಡೆಯುವ ಪ್ರಮುಖ ಕೇಂದ್ರಗಳಲ್ಲೊಂದಾದ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ನಮ್ಮ ಬೆಂಗಳೂರಿನಲ್ಲಿಯೇ ಇದೆ. ಕಣ್ಣು, ಕಿವಿ, ಹೃದಯ, ರಕ್ತ, ಮೂತ್ರ ಎಲ್ಲವನ್ನೂ ತಪಾಸಣೆ ಮಾಡುತ್ತಾರೆ.

ಕನ್ನಡಕ ಹಾಕಿದವರು ಪೈಲಟ್ ಆಗಲಾರರು ಎಂಬ ನಂಬಿಕೆ ತಪ್ಪು. ಕನ್ನಡಕ ಹಾಕಿದಾಗ ದೃಷ್ಟಿ ಸರಿಯಿದ್ದು, ನಿಗದಿತ ಮಿತಿಯೊಳಗಿದ್ದರೆ ಅಡ್ಡಿಯಿಲ್ಲ. ಆದರೆ ಬಣ್ಣಗಳನ್ನು ಗುರುತಿಸುವ ಶಕ್ತಿಯಲ್ಲಿ ದೋಷವಿದ್ದರೆ ದಾರಿ ಬಹಳ ಕಠಿಣ. ಅದು ಹುಟ್ಟಿನಿಂದ ಬರುವಂಥದ್ದು, ಎಷ್ಟೋ ಮಂದಿಗೆ ಪರೀಕ್ಷೆಯ ತನಕ ಅದರ ಅರಿವೇ ಇರುವುದಿಲ್ಲ. ನಮ್ಮ ಹುಡುಗಿಯರಲ್ಲಿ ಸಾಮಾನ್ಯವಾದ ರಕ್ತಹೀನತೆ ಕಂಡುಬಂದರೆ ತಾತ್ಕಾಲಿಕವಾಗಿ ಅನರ್ಹರೆನ್ನಬಹುದು. ಚಿಕಿತ್ಸೆಯ ನಂತರ ಮತ್ತೆ ಅವಕಾಶವಿರುತ್ತದೆ. ಹಿಂದಿನ ಕಾಯಿಲೆ, ಶಸ್ತ್ರಚಿಕಿತ್ಸೆಗಳನ್ನು ಮುಚ್ಚಿಡಬಾರದು. ನೂರಾರು ಜೀವಗಳು ಒಬ್ಬರ ಆರೋಗ್ಯವನ್ನು ಅವಲಂಬಿಸಿರುವ ಕೆಲಸವಿದು. ಮುಂದೆ ಉದ್ಯೋಗ ಸಿಕ್ಕಿದ ಮೇಲೂ ಈ ಪರೀಕ್ಷೆಯನ್ನು ವರ್ಷ ವರ್ಷವೂ ಪಾಸಾಗಬೇಕು.

ಪುಸ್ತಕ ಮತ್ತು ಆಕಾಶ

ಲಿಖಿತ ಪರೀಕ್ಷೆಗಳನ್ನು ಡಿಜಿಸಿಎ ನಡೆಸುತ್ತದೆ. ವಿಮಾನದ ದಾರಿ ಲೆಕ್ಕ ಹಾಕುವ ಏರ್ ನ್ಯಾವಿಗೇಶನ್, ಮೋಡ, ಗಾಳಿ, ಮಳೆಯನ್ನು ಅರಿಯುವ ಹವಾಮಾನಶಾಸ್ತ್ರ, ಆಕಾಶದ ಸಂಚಾರ ನಿಯಮಗಳ ಏರ್ ರೆಗ್ಯುಲೇಶನ್ಸ್, ಎಂಜಿನ್ ಮತ್ತು ವಿಮಾನದ ರಚನೆಯ ತಾಂತ್ರಿಕ ವಿಷಯಗಳು - ಇವು ಮುಖ್ಯವಾದವು. ಪಾಸಾಗಲು ಶೇಕಡಾ 70 ಅಂಕ ಬೇಕು. ಇದಲ್ಲದೆ ನಿಯಂತ್ರಣ ಗೋಪುರದೊಂದಿಗೆ ರೇಡಿಯೋದಲ್ಲಿ ಮಾತಾಡುವ ಪರವಾನಿಗೆಗೆ ಪ್ರತ್ಯೇಕ ಪರೀಕ್ಷೆಯಿದೆ. ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಮಾತಾಡಬೇಕು, ಕೇಳಿದ್ದನ್ನು ತಪ್ಪಿಲ್ಲದೆ ಗ್ರಹಿಸಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಹೆದರಬೇಕಿಲ್ಲ. ಇಲ್ಲಿ ಅಲಂಕಾರದ ಇಂಗ್ಲಿಷ್ ಬೇಡ, ಖಚಿತವಾದ ಇಂಗ್ಲಿಷ್ ಬೇಕು. ಪಿಯುಸಿಯಲ್ಲಿರುವಾಗಲೇ ಅಭ್ಯಾಸ ಆರಂಭಿಸಬಹುದು.

ಇನ್ನು ಹಾರಾಟ. ಸಿಪಿಎಲ್‌ಗೆ ಒಟ್ಟು 200 ಗಂಟೆಗಳ ಹಾರಾಟ ಬೇಕು. ಅದರಲ್ಲಿ 100 ಗಂಟೆ ವಿಮಾನದ ಹೊಣೆ ಪೂರ್ತಿಯಾಗಿ ವಿದ್ಯಾರ್ಥಿಯದೇ ಆಗಿರಬೇಕು. ಒಂದೂರಿನಿಂದ ಇನ್ನೊಂದೂರಿಗೆ ಹಾರುವ ದೂರ ಪ್ರಯಾಣಗಳು 20 ಗಂಟೆ. ಅದರಲ್ಲೊಂದು ಪ್ರಯಾಣ 300 ನಾಟಿಕಲ್ ಮೈಲಿಗೆ, ಅಂದರೆ ಸುಮಾರು 555 ಕಿಲೋಮೀಟರಿಗೆ ಕಡಿಮೆಯಿರಬಾರದು; ನಡುವೆ ಎರಡು ಬೇರೆ ನಿಲ್ದಾಣಗಳಲ್ಲಿ ಇಳಿದಿರಬೇಕು. ಹೊರಗೆ ನೋಡದೆ ಕೇವಲ ಉಪಕರಣಗಳನ್ನು ನೋಡಿ ಹಾರಿಸುವ ಅಭ್ಯಾಸ 10 ಗಂಟೆ. ರಾತ್ರಿ ಹಾರಾಟ 5 ಗಂಟೆ.

ಕಲಿಕೆ ನಡೆಯುವುದು ಸೆಸ್ನಾದಂತಹ ಪುಟ್ಟ ವಿಮಾನಗಳಲ್ಲಿ. ಮೊದಲು ಶಿಕ್ಷಕರು ಪಕ್ಕದಲ್ಲಿರುತ್ತಾರೆ. ಒಂದು ದಿನ ಅವರು ಇಳಿದು ಹೋಗುತ್ತಾರೆ, ವಿದ್ಯಾರ್ಥಿ ಒಬ್ಬರೇ ಹಾರಿ ಒಂದು ಸುತ್ತು ಬಂದು ಇಳಿಯಬೇಕು. ಇದನ್ನು ಮೊದಲ ಸೋಲೋ ಎನ್ನುತ್ತಾರೆ. ಪ್ರತಿಯೊಂದು ಹಾರಾಟವನ್ನೂ ಲಾಗ್‌ಬುಕ್‌ನಲ್ಲಿ ಬರೆದಿಡಬೇಕು. ಆ ಪುಸ್ತಕವೇ ಪೈಲಟ್‌ನ ಪ್ರಾಮಾಣಿಕತೆಯ ಸಾಕ್ಷಿ. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದಿದ್ದ ಪೈಲಟ್‌ಗಳು ಸಿಕ್ಕಿಬಿದ್ದು ದೇಶವೇ ಬೆಚ್ಚಿಬಿದ್ದಿತ್ತು. ಹಾರದ ಗಂಟೆಗಳನ್ನು ಹಾರಿದ್ದೇವೆಂದು ಬರೆಯುವುದು ಸುಳ್ಳು ಮಾತ್ರವಲ್ಲ, ಅಮಾನತ್ತಿನ ದ್ರೋಹ.

ಲೈಸೆನ್ಸ್ ಸಿಕ್ಕಿತು, ಕೆಲಸ ಸಿಕ್ಕಿತೇ?

ಅನೇಕ ಹೆತ್ತವರು ಮೋಸಹೋಗುವುದು ಇಲ್ಲಿ. ಸಿಪಿಎಲ್ ಕೈಗೆ ಬಂದ ಕೂಡಲೇ ದೊಡ್ಡ ವಿಮಾನ ಹಾರಿಸಲು ಸಾಧ್ಯವಿಲ್ಲ. ಎರಡು ಎಂಜಿನ್‌ಗಳ ವಿಮಾನದ ಅರ್ಹತೆ, ಉಪಕರಣ ಹಾರಾಟದ ಅರ್ಹತೆ, ಬಳಿಕ ಏರ್‌ಬಸ್ 320, ಬೋಯಿಂಗ್ 737 ಮುಂತಾದ ನಿರ್ದಿಷ್ಟ ವಿಮಾನಕ್ಕೆ ‘ಟೈಪ್ ರೇಟಿಂಗ್’ ಬೇಕು. ಟೈಪ್ ರೇಟಿಂಗ್ ಬಹುಪಾಲು ಸಿಮ್ಯುಲೇಟರ್‌ನಲ್ಲಿ ನಡೆಯುತ್ತದೆ. ಆಮೇಲೆ ವಿಮಾನ ಕಂಪೆನಿಯ ಲಿಖಿತ ಪರೀಕ್ಷೆ, ಸಂದರ್ಶನ. ಆಯ್ಕೆಯಾದರೆ ಬಲಬದಿಯ ಆಸನದಲ್ಲಿ ಸಹ ಪೈಲಟ್. ಎಡಬದಿಯ ಕ್ಯಾಪ್ಟನ್ ಆಸನಕ್ಕೆ ಬೇಕಾದ ಉನ್ನತ ಲೈಸೆನ್ಸಿಗೆ 21 ವರ್ಷ ತುಂಬಿ 1500 ಗಂಟೆಗಳ ಹಾರಾಟ ಆಗಿರಬೇಕು.

ಖರ್ಚು? ಸಿಪಿಎಲ್ ತರಬೇತಿಗೇ ಇಂದು ಅರ್ಧ ಕೋಟಿ ರೂಪಾಯಿಯ ಆಸುಪಾಸು ಬೇಕಾಗುತ್ತದೆ. ಟೈಪ್ ರೇಟಿಂಗ್‌ಗೆ ಮತ್ತೆ ಲಕ್ಷಗಟ್ಟಲೆ. ವಿಮಾನ ಕಂಪೆನಿಗಳೇ ಆರಂಭದಿಂದ ಆಯ್ದುಕೊಂಡು ತರಬೇತಿ ಕೊಡಿಸುವ ‘ಕೆಡೆಟ್’ ಯೋಜನೆಗಳಲ್ಲಿ ಕೆಲಸದ ದಾರಿ ಸ್ವಲ್ಪ ಸ್ಪಷ್ಟ, ಆದರೆ ಖರ್ಚು ಕೋಟಿಯ ಸಮೀಪ ಹೋಗುತ್ತದೆ. ವಿದೇಶದಲ್ಲಿ ಕಲಿತು ಬಂದವರೂ ಇಲ್ಲಿ ಡಿಜಿಸಿಎ ಪರೀಕ್ಷೆ ಬರೆದು ಲೈಸೆನ್ಸನ್ನು ಭಾರತದ್ದಾಗಿ ಪರಿವರ್ತಿಸಿಕೊಳ್ಳಬೇಕು.

ಈ ವೃತ್ತಿಯ ಏರಿಳಿತವನ್ನೂ ಮರೆಯಬಾರದು. ಕಿಂಗ್‌ಫಿಶರ್ 2012ರಲ್ಲಿ ನಿಂತಿತು. ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ಹಾರಾಟ ನಿಲ್ಲಿಸಿದವು. ಪ್ರತಿ ಬಾರಿಯೂ ಅನುಭವಿ ಪೈಲಟ್‌ಗಳೇ ಬೀದಿಗೆ ಬಂದರು. ಆಗ ಹೊಸಬರ ಸರದಿ ಇನ್ನಷ್ಟು ಹಿಂದಕ್ಕೆ ಹೋಯಿತು.

ಬಡ್ಡಿಯ ಲೆಕ್ಕ

ಐವತ್ತು ಲಕ್ಷದ ಸಾಲಕ್ಕೆ ಶೇಕಡಾ 10ರಂತೆ ಬಡ್ಡಿ ಹಿಡಿದರೆ ವರ್ಷಕ್ಕೆ 5 ಲಕ್ಷ. ತಿಂಗಳಿಗೆ 41 ಸಾವಿರ ರೂಪಾಯಿಗೂ ಮಿಕ್ಕಿ ಬಡ್ಡಿಯೊಂದೇ ಆಯಿತು, ಅಸಲು ಹಾಗೆಯೇ ಉಳಿಯಿತು. ಮಗಳಿಗೆ ಕೆಲಸ ಸಿಗಲು ಎರಡು ವರ್ಷ ತಡವಾದರೆ ಆ ಮನೆಯ ಗತಿಯೇನು? ಇದು ಕೇವಲ ಲೆಕ್ಕದ ಪ್ರಶ್ನೆಯಲ್ಲ. ಬಡ್ಡಿಯನ್ನು ಅಲ್ಲಾಹನು ನಿಷಿದ್ಧಗೊಳಿಸಿದ್ದಾನೆ ಎಂದು ನಂಬುವ ನಮಗೆ, ಒಳ್ಳೆಯ ಉದ್ದೇಶಕ್ಕೆ ಆ ದಾರಿ ಹಿಡಿಯುವ ಮೊದಲು ಬೇರೆಲ್ಲ ಬಾಗಿಲುಗಳನ್ನು ತಟ್ಟಿ ನೋಡುವ ಹೊಣೆಯಿದೆ.

ಇರುವ ಒಂದೇ ಮನೆಯನ್ನು ಅಡವಿಡಬೇಡಿ. ಉಳಿದ ಮಕ್ಕಳ ಪಾಲನ್ನು ಒಬ್ಬಳಿಗೆ ಸುರಿಯುವುದು ನ್ಯಾಯವೇ ಎಂದೂ ಯೋಚಿಸಿ. ಕುಟುಂಬದೊಳಗಿನ ಬಡ್ಡಿರಹಿತ ಸಾಲ, ಹಂತ ಹಂತವಾಗಿ ಹಣ ಕಟ್ಟುವ ಒಪ್ಪಂದ ಇವೆಲ್ಲ ಸಾಧ್ಯ. ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಯೋಜನೆಗಳ ನಿಯಮಗಳು ಬದಲಾಗುತ್ತಿರುತ್ತವೆ. ಜಿಲ್ಲಾ ಕಚೇರಿಗೆ ಹೋಗಿ ಆ ವರ್ಷದ ವಿವರ ಕೇಳಿ. ಸಮುದಾಯದ ಸಂಘಟನೆಗಳೂ ಯೋಚಿಸಬೇಕು. ಒಂದು ಅದ್ದೂರಿ ಮದುವೆಗೆ ಲಕ್ಷಗಟ್ಟಲೆ ಸುರಿಯುವ ನಾವು ಒಬ್ಬ ಪ್ರತಿಭಾವಂತ ಹುಡುಗಿಯ ನೂರು ಗಂಟೆಗಳ ಹಾರಾಟದ ಹೊಣೆ ಹೊತ್ತರೆ ಏನು ನಷ್ಟ? ಸಲ್ವಾಳಿಗೆ ದಾರಿ ತೆರೆದದ್ದು ಅಂತಹ ಒಂದು ಮನಸ್ಸು.

ಶಾಲೆ ಆರಿಸುವಾಗ

ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿರುವ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಕೇಂದ್ರ ಸರಕಾರದ ಸಂಸ್ಥೆ. ಪ್ರವೇಶ ಪರೀಕ್ಷೆಯಲ್ಲಿ ಆಯ್ಕೆಯಾಗಬೇಕು. ಬೆಂಗಳೂರಿನ ಜಕ್ಕೂರಿನಲ್ಲಿ ರಾಜ್ಯ ಸರಕಾರದ ವೈಮಾನಿಕ ತರಬೇತಿ ಶಾಲೆಯಿದೆ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರವು ಹೊಸ ತರಬೇತಿ ಶಾಲೆಗಳಿಗೆಂದು ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿ, ಕಲಬುರಗಿಗಳೂ ಸೇರಿವೆ.

2025ರಲ್ಲಿ ಡಿಜಿಸಿಎ ಶಾಲೆಗಳಿಗೆ ದರ್ಜೆ ನೀಡಲು ಆರಂಭಿಸಿತು. ಮೊದಲ ಪಟ್ಟಿಯಲ್ಲಿ ಅತ್ಯುನ್ನತ ದರ್ಜೆ ಯಾವ ಶಾಲೆಗೂ ಸಿಗಲಿಲ್ಲ ಎಂಬುದು ಹೆತ್ತವರು ಗಮನಿಸಬೇಕಾದ ಸಂಗತಿ. ಆ ಪಟ್ಟಿಯನ್ನು ನೋಡಿ. ಶಾಲೆಗೆ ಮಗಳೊಂದಿಗೆ ಖುದ್ದಾಗಿ ಹೋಗಿ ಹೀಗೆ ಕೇಳಿ:

* ಇಂದು ಹಾರುವ ಸ್ಥಿತಿಯಲ್ಲಿರುವ ವಿಮಾನಗಳೆಷ್ಟು? ವಿದ್ಯಾರ್ಥಿಗಳೆಷ್ಟು, ಶಿಕ್ಷಕರೆಷ್ಟು?
* ಕಳೆದ ತಂಡದವರು 200 ಗಂಟೆ ಮುಗಿಸಲು ಎಷ್ಟು ತಿಂಗಳು ಹಿಡಿಯಿತು?
* ಹಣವನ್ನು ಹಾರಿದ ಗಂಟೆಗೆ ತಕ್ಕಂತೆ ಕಟ್ಟಬಹುದೇ? ಬಿಟ್ಟರೆ ಮರಳಿಸುತ್ತೀರಾ? ಅದು ಲಿಖಿತದಲ್ಲಿದೆಯೇ?
* ಹೆಣ್ಣು ಮಕ್ಕಳ ವಸತಿಯ ವ್ಯವಸ್ಥೆ ಹೇಗಿದೆ?

ಉತ್ತರವನ್ನು ಕಚೇರಿಯಲ್ಲಿ ಮಾತ್ರವಲ್ಲ, ಅಲ್ಲಿ ಕಲಿಯುತ್ತಿರುವ ಮಕ್ಕಳಿಂದಲೂ ಕೇಳಿ. ಒಂದೂವರೆ ವರ್ಷದಲ್ಲಿ ಮುಗಿಯಬೇಕಾದದ್ದು ಮಳೆ, ವಿಮಾನದ ದುರಸ್ತಿ, ಶಿಕ್ಷಕರ ಕೊರತೆಯಿಂದ ಮೂರು ವರ್ಷಕ್ಕೆ ಎಳೆಯುವುದುಂಟು.

ಇಷ್ಟೊಂದು ಕಟ್ಟುನಿಟ್ಟು ಏಕೆ?

ಇದಕ್ಕೆ ಉತ್ತರ ಮಂಗಳೂರಿನವರಿಗೆ ಗೊತ್ತಿದೆ. 2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜಪೆಯ ರನ್‌ವೇ ದಾಟಿ ಕಣಿವೆಗುರುಳಿತು. 158 ಮಂದಿ ಮೃತಪಟ್ಟರು, ಎಂಟು ಮಂದಿ ಮಾತ್ರ ಬದುಕುಳಿದರು. ಈ ಪತ್ರಿಕೆಯನ್ನು ಓದುವ ಎಷ್ಟೋ ಮನೆಗಳು ಅಂದು ತಮ್ಮವರನ್ನು ಕಳಕೊಂಡವು. ತನಿಖೆಯಲ್ಲಿ ತಿಳಿದುಬಂದದ್ದೇನು? ವಿಮಾನಕ್ಕೆ ಯಾಂತ್ರಿಕ ದೋಷವಿರಲಿಲ್ಲ. ಬಹಳ ಅನುಭವಿಯಾಗಿದ್ದ ಕ್ಯಾಪ್ಟನ್ ದಾರಿಯ ಹೆಚ್ಚಿನ ಹೊತ್ತು ನಿದ್ರಿಸಿದ್ದರು. ವಿಮಾನ ಬೇಕಾದುದಕ್ಕಿಂತ ಎತ್ತರದಲ್ಲಿ, ವೇಗದಲ್ಲಿ ಇಳಿಯುತ್ತಿದ್ದಾಗ ಇಳಿಸಬೇಡಿ, ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಹೇಳಿದ್ದರು. ಆ ಮಾತಿಗೆ ಬೆಲೆ ಸಿಗಲಿಲ್ಲ.

ಆದ್ದರಿಂದಲೇ ಇಂದು ತರಬೇತಿಯಲ್ಲಿ ಹಿರಿಯರ ತಪ್ಪನ್ನು ಕಿರಿಯರು ಧೈರ್ಯವಾಗಿ ಹೇಳುವುದನ್ನು, ಹಿರಿಯರು ಅದನ್ನು ಕೇಳುವುದನ್ನು ಕಲಿಸುತ್ತಾರೆ. ವಿಶ್ರಾಂತಿಯ ನಿಯಮಗಳು ಬಿಗಿಯಾಗಿವೆ. 2025ರಿಂದ ವಾರಕ್ಕೆ 48 ಗಂಟೆಗಳ ನಿರಂತರ ವಿಶ್ರಾಂತಿ ಕಡ್ಡಾಯವಾಗಿದೆ. ನಮ್ಮ ಮನೆಗಳಲ್ಲಿ ಹೆಣ್ಣು ಮಕ್ಕಳಿಗೆ ಸುಮ್ಮನಿರಲು ಕಲಿಸುತ್ತೇವೆ. ಪೈಲಟ್ ಆಗಬಯಸುವ ಮಗಳಿಗೆ ಸಭ್ಯವಾಗಿ, ಆದರೆ ಗಟ್ಟಿಯಾಗಿ ‘ಇದು ಸರಿಯಲ್ಲ’ ಎನ್ನಲು ಮನೆಯಿಂದಲೇ ಕಲಿಸಬೇಕು.

ದೀನ್ ಮತ್ತು ದಿನಚರಿ

ಪ್ರಯಾಣಿಕರಿಗೆ ನಮಾಝನ್ನು ಕಿರಿದುಗೊಳಿಸುವ, ಉಪವಾಸವನ್ನು ಮುಂದೂಡಿ ನಂತರ ಪೂರೈಸುವ ರಿಯಾಯಿತಿ ಇಸ್ಲಾಮಿನಲ್ಲಿದೆ. ಹಾರಾಟಕ್ಕೆ ಮುನ್ನ ಮದ್ಯ ಸೇವಿಸಿಲ್ಲ ಎಂಬುದಕ್ಕೆ ಉಸಿರಾಟದ ಪರೀಕ್ಷೆ ನಡೆಯುತ್ತದೆ. ನಮ್ಮ ಮಕ್ಕಳಿಗೆ ಈ ಶಿಸ್ತು ಹೊಸತಲ್ಲ. ಹಿಜಾಬ್ ವಿಷಯದಲ್ಲಿ ಪ್ರತಿ ಕಂಪೆನಿಯ ಸಮವಸ್ತ್ರ ನಿಯಮವನ್ನು ಸೇರುವ ಮುನ್ನವೇ ಕೇಳಿ ತಿಳಿಯುವುದು ಒಳಿತು.

ಮಹ್ರಮ್ ಇಲ್ಲದೆ ಪ್ರಯಾಣಿಸುವ, ಹೊರಊರಿನಲ್ಲಿ ರಾತ್ರಿ ತಂಗುವ ಪ್ರಶ್ನೆ ಮಾತ್ರ ಸುಲಭದ್ದಲ್ಲ. ವಿದ್ವಾಂಸರಲ್ಲಿ ಈ ಕುರಿತು ಭಿನ್ನಾಭಿಪ್ರಾಯಗಳಿವೆ. ಲಕ್ಷಗಟ್ಟಲೆ ಖರ್ಚಾದ ಮೇಲೆ ಈ ಪ್ರಶ್ನೆಯನ್ನೆತ್ತಿ ಮಗಳನ್ನು ಮನೆಯಲ್ಲಿ ಕೂರಿಸುವುದು ಅನ್ಯಾಯ. ತಿಳಿದವರನ್ನು ಕೇಳಿ, ಮನೆಯವರೆಲ್ಲ ಕುಳಿತು, ಮೊದಲೇ ತೀರ್ಮಾನಿಸಬೇಕು. ಮದುವೆಯ ಮಾತು ಬಂದಾಗಲೂ ಇದನ್ನು ಮುಚ್ಚಿಡಬಾರದು. ಗರ್ಭಿಣಿಯಾದಾಗ ತಿಳಿಸಬೇಕು, ಹೆರಿಗೆಯ ನಂತರ ಮತ್ತೆ ವೈದ್ಯಕೀಯ ಪರೀಕ್ಷೆಗೊಳಗಾಗಿ ಹಾರಬೇಕು. ಇದನ್ನೆಲ್ಲ ಅರಿತು ಜೊತೆಗಿರುವ ಗಂಡ, ಅತ್ತೆ ಮಾವ ಸಿಕ್ಕಿದರೆ ಮಾತ್ರ ಈ ಬದುಕು ಸುಗಮ.

ಆ ತಾಯಿಗೆ ನಾನು ಹೇಳಿದ್ದಿಷ್ಟು: “ಮಗಳನ್ನು ತಡೆಯಬೇಡಿ, ಮನೆಯನ್ನೂ ಅಡವಿಡಬೇಡಿ. ಮೊದಲು ಕ್ಲಾಸ್ 2, ಕ್ಲಾಸ್ 1 ಪರೀಕ್ಷೆ ಮಾಡಿಸಿ. ಪಾಸಾದರೆ ಪುಸ್ತಕ ಕೊಂಡು ಕೊಡಿ, ಹಾರುವ ಮೊದಲೇ ಒಂದೆರಡು ಲಿಖಿತ ಪರೀಕ್ಷೆ ಬರೆಯಲಿ. ಅವಳ ಆಸೆ ಎಷ್ಟು ಗಟ್ಟಿ ಎಂಬುದು ಕಡಿಮೆ ಖರ್ಚಿನಲ್ಲಿ ತಿಳಿಯುತ್ತದೆ. ಜೊತೆಗೆ ಒಂದು ಪದವಿಯೂ ಇರಲಿ.” ವೈದ್ಯಕೀಯದಲ್ಲಿ ಅನರ್ಹಳಾದರೂ ವಿಮಾನ ಲೋಕದ ಬಾಗಿಲು ಮುಚ್ಚುವುದಿಲ್ಲ. ಭೌತಶಾಸ್ತ್ರ, ಗಣಿತದೊಂದಿಗೆ ಬಿಎಸ್ಸಿ ಅಥವಾ ಎಂಜಿನಿಯರಿಂಗ್ ಮಾಡಿದವರು ವಿಮಾನ ನಿಲ್ದಾಣ ಪ್ರಾಧಿಕಾರದ ಪರೀಕ್ಷೆ ಬರೆದು ಏರ್ ಟ್ರಾಫಿಕ್ ಕಂಟ್ರೋಲರ್ ಆಗಬಹುದು. ಅಲ್ಲೂ ಆರೋಗ್ಯ ಪರೀಕ್ಷೆಯಿದೆ, ಆದರೆ ಅರ್ಧ ಕೋಟಿ ಬೇಕಾಗಿಲ್ಲ. ವಿಮಾನ ದುರಸ್ತಿಯ ಎಂಜಿನಿಯರ್ ಆಗುವ ದಾರಿಯೂ ಇದೆ.

ಕುರ್‌ಆನಿನ ಅಲ್ ಮುಲ್ಕ್ ಅಧ್ಯಾಯ ನಮ್ಮ ಗಮನವನ್ನು ಹಾರುವ ಹಕ್ಕಿಗಳತ್ತ ಸೆಳೆಯುತ್ತದೆ. ಹಕ್ಕಿಗೆ ರೆಕ್ಕೆ ಹುಟ್ಟಿನಿಂದಲೇ ಬರುತ್ತದೆ. ಮನುಷ್ಯ ಮಾತ್ರ ಅದನ್ನು ಕಲಿತು, ದುಡಿದು, ಪ್ರಾಮಾಣಿಕತೆಯಿಂದ ಗಳಿಸಬೇಕು. ತವಕ್ಕುಲ್ ಎಂದರೆ ಕೈಕಟ್ಟಿ ಕೂರುವುದಲ್ಲ, ಕಣ್ಣು ಮುಚ್ಚಿ ಜಿಗಿಯುವುದೂ ಅಲ್ಲ. ನಮ್ಮ ಪಾಲಿನ ತಯಾರಿಯನ್ನು ಪೂರ್ತಿಯಾಗಿ ಮಾಡಿ ಉಳಿದುದನ್ನು ಅಲ್ಲಾಹನಿಗೆ ಒಪ್ಪಿಸುವುದು. ಆ ಹುಡುಗಿ ಮುಂದಿನ ತಿಂಗಳು ಕಣ್ಣಿನ ಪರೀಕ್ಷೆಗೆ ಹೋಗಲಿದ್ದಾಳೆ. ಅಲ್ಲಾಹನು ಅವಳ ಹಾದಿಯನ್ನು ಸುಗಮಗೊಳಿಸಲಿ.